ಒಲೆಯ ಮುಂದಿನ ಪ್ರಾರ್ಥನೆ

ಹದಿನೇಳನೆಯ ಶತಮಾನದ ಪ್ಯಾರಿಸ್. ಕಾರ್ಮೆಲೈಟ್ ಸಂನ್ಯಾಸಿಗಳ ಮಠದ ಅಡುಗೆಮನೆ. ಪಾತ್ರೆಗಳ ಸದ್ದು, ಒಂದೇ ಹೊತ್ತಿಗೆ ಹಲವರು ಹಲವು ವಸ್ತುಗಳಿಗಾಗಿ ಕೂಗುವ ಗದ್ದಲ. ನಡುವೆ ಕುಂಟುಕಾಲಿನ ಒಬ್ಬ ಸಹೋದರ ಬಾಣಲೆಯಲ್ಲಿನ ಆಮ್ಲೆಟ್ಟನ್ನು ಮಗುಚುತ್ತಾನೆ. ದೇವರ ಮೇಲಿನ ಪ್ರೀತಿಗಾಗಿ ಮಗುಚುತ್ತೇನೆ ಎನ್ನುವುದು ಆತನ ವಿವರಣೆ. ಬೇರೆ ಕೆಲಸವಿಲ್ಲದಿದ್ದರೆ ಅಲ್ಲೇ ನೆಲಕ್ಕೆ ಬಾಗಿ ವಂದಿಸಿ, ಎದ್ದು ಮತ್ತೆ ಒಲೆಯ ಕಡೆ ತಿರುಗುತ್ತಾನೆ.

ಆತನೇ ಬ್ರದರ್ ಲಾರೆನ್ಸ್. ಹುಟ್ಟಿದ್ದು 1614ರ ಸುಮಾರಿಗೆ, ಲೊರೇನ್ ಪ್ರಾಂತದ ಬಡ ಕುಟುಂಬದಲ್ಲಿ. ಹದಿನೆಂಟರ ಪ್ರಾಯದಲ್ಲಿ, ಚಳಿಗಾಲದಲ್ಲಿ ಎಲೆ ಉದುರಿ ಬೋಳಾಗಿದ್ದ ಮರವೊಂದನ್ನು ಕಂಡ. ಇದೇ ಮರ ಕೆಲವು ದಿನಗಳಲ್ಲಿ ಚಿಗುರಿ, ಹೂಬಿಟ್ಟು, ಹಣ್ಣಾಗುತ್ತದಲ್ಲ ಎಂಬ ಯೋಚನೆ ಬಂತು. ಯಾವ ಗುರುವಿನ ಉಪದೇಶವೂ ಇಲ್ಲದೆ ದೇವರ ಕಡೆಗೆ ಆತನ ಮನಸ್ಸು ತಿರುಗಿದ್ದು ಅಂದು. ಮುಂದೆ ಸೈನಿಕನಾದ, ಕಾಲಿಗೆ ಗಾಯವಾಯಿತು. ದೊಡ್ಡ ಮನುಷ್ಯರ ಮನೆಯಲ್ಲಿ ಆಳಾದ, ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದು ಹಾಕಿದ. ಮಠ ಸೇರಿದರೆ ತನ್ನ ಒಡ್ಡತನಕ್ಕೆ ತಕ್ಕ ಶಾಸ್ತಿಯಾದೀತು ಎಂದುಕೊಂಡು 1640ರಲ್ಲಿ ಅಲ್ಲಿಗೆ ಹೋದ. ಸಿಕ್ಕಿದ್ದು ನೆಮ್ಮದಿ, ದೇವರು ತನಗೆ ಮೋಸ ಮಾಡಿದ ಎಂದು ತಮಾಷೆ ಮಾಡುತ್ತಿದ್ದನಂತೆ.

ಆದರೆ ನೆಮ್ಮದಿ ಪುಕ್ಕಟೆಯಾಗಿ ಬರಲಿಲ್ಲ. ತಾನು ನರಕಕ್ಕೇ ಹೋಗುವವನು ಎಂಬ ಭಯ ನಾಲ್ಕು ವರ್ಷ ಆತನನ್ನು ಕಾಡಿತು. ಯಾರ ಸಮಾಧಾನವೂ ನಾಟಲಿಲ್ಲ. ಕೊನೆಗೆ, ಮುಂದೆ ಏನೇ ಆಗಲಿ, ಬದುಕಿರುವಷ್ಟು ದಿನ ದೇವರನ್ನು ಪ್ರೀತಿಸುವುದಂತೂ ತನ್ನ ಕೈಲಿದೆ ಎಂದು ನಿಶ್ಚಯಿಸಿಕೊಂಡ. ಭಯದ ಹಿಡಿತ ಅಲ್ಲಿಗೆ ಸಡಿಲಿತು.

ಅಡುಗೆಯೆಂದರೆ ಆತನಿಗೆ ಸ್ವಭಾವತಃ ಬೇಸರ ಎನ್ನುವುದನ್ನು ಮರೆಯಬಾರದು. ಕೆಲಸ ಇಷ್ಟವಿದ್ದವನಿಗೆ ಒಲೆಯ ಮುಂದೆ ದೇವರು ಕಾಣುವುದು ದೊಡ್ಡ ಮಾತಲ್ಲ. ಬೇಡದ ಕೆಲಸವನ್ನು ಹದಿನೈದು ವರ್ಷ ಮಾಡಿದವನ ಮಾತಿಗೆ ತೂಕ ಬೇರೆ. ದ್ರಾಕ್ಷಾರಸ ಖರೀದಿಗೆ ಆತನನ್ನು ಬರ್ಗಂಡಿಗೆ ಕಳುಹಿಸಿದ್ದೂ ಉಂಟು. ವ್ಯವಹಾರ ತಿಳಿಯದು, ಕಾಲು ಸ್ವಾಧೀನವಿಲ್ಲ. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಓಡಾಡಿದ. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿಬಿಟ್ಟಿದ್ದ. ಆಮೇಲೆ ನೋಡಿದರೆ ಕೆಲಸ ಚೆನ್ನಾಗಿಯೇ ಮುಗಿದಿತ್ತು.

ಕಾಲುನೋವು ಹೆಚ್ಚಿದಾಗ ಕುಳಿತು ಮಾಡುವ ಕೆಲಸ ಕೊಟ್ಟರು, ಚಪ್ಪಲಿ ಹೊಲಿಯುವುದು. (ಬರಿಗಾಲಿನವರು ಎಂದು ಹೆಸರಾದ ಪಂಗಡಕ್ಕೂ ಚಪ್ಪಲಿ ಬೇಕಲ್ಲ!) ಪ್ರಾರ್ಥನೆಯ ವೇಳೆ, ಕೆಲಸದ ವೇಳೆ ಎಂಬ ಭೇದ ಆತನಿಗಿರಲಿಲ್ಲ. ಮನಸ್ಸು ದೇವರನ್ನು ಮರೆತು ಅಲೆದರೆ, ನನ್ನ ಪಾಡಿಗೆ ಬಿಟ್ಟರೆ ನಾನು ಹೀಗೆಯೇ ಎಂದು ಒಪ್ಪಿಕೊಂಡು ಸುಮ್ಮನೆ ಹಿಂತಿರುಗುತ್ತಿದ್ದ. ಅದಕ್ಕಾಗಿ ಹಳಹಳಿಸುತ್ತ ಕೂರುತ್ತಿರಲಿಲ್ಲ.

1691ರ ಫೆಬ್ರವರಿಯಲ್ಲಿ ಆತ ತೀರಿಕೊಂಡ. ಪುಸ್ತಕ ಬರೆದವನಲ್ಲ. ಆತನೊಡನೆ ಮಾತಾಡಲು 1666ರಿಂದ ಬರುತ್ತಿದ್ದ ಜೋಸೆಫ್ ದ ಬೊಫೋರ್ ಎಂಬ ಪಾದ್ರಿ ಆ ಮಾತುಗಳನ್ನೂ ಕೆಲವು ಪತ್ರಗಳನ್ನೂ ಕೂಡಿಸಿ ಅಚ್ಚು ಹಾಕಿಸಿದರು. ಅವರಿಗೆ ಬ್ರದರ್ ಲಾರೆನ್ಸ್ ಮೊದಲ ಭೇಟಿಯಲ್ಲೇ ಹೇಳಿದ್ದು, ನಿಜವಾಗಿಯೂ ದೇವರ ಸೇವೆಯ ಉದ್ದೇಶವಿದ್ದರೆ ಎಷ್ಟು ಸಲ ಬೇಕಾದರೂ ಬರಬಹುದು, ಇಲ್ಲದಿದ್ದರೆ ಬರುವುದು ಬೇಡ ಎಂದು.