ಬೆಳೆಗೆ ಅಳತೆ, ಮೈಗೆ ಅಂದಾಜೇ?

ಬಾದಾಮಿ ಭಾಗದ ರೈತರು ಶೇಂಗಾ ಬೆಳೆಯ ಟಿಕ್ಕಾ ರೋಗಕ್ಕೆ ಔಷಧಿ ಸಿಂಪಡಿಸುವಾಗ ಲೀಟರ್ ನೀರಿಗೆ ಎಷ್ಟು ಎಂದು ಕೇಳಿ ತಿಳಿದೇ ಬೆರೆಸುತ್ತಾರೆ. ಅದೇ ರೈತರು ಸೊಂಟ, ತೊಡೆಸಂದಿಯಲ್ಲಿ ಗಜಕರ್ಣ ಎದ್ದಾಗ ಮಾತ್ರ ಅಂಗಡಿಯಿಂದ ನಾಲ್ಕು ಗುಳಿಗೆ ತಂದು ನುಂಗಿ, ತುರಿಕೆ ನಿಂತೊಡನೆ ಬಿಟ್ಟುಬಿಡುತ್ತಾರೆ. ನಾನು ವೈದ್ಯನಲ್ಲ, ಬೇಸಾಯ ಶಾಸ್ತ್ರದವನು. ಆದರೆ ಟಿಕ್ಕಾ, ಗಜಕರ್ಣ ಎರಡೂ ಶಿಲೀಂಧ್ರ ರೋಗಗಳೇ. ಬೆಳೆಗೆ ಹೊಡೆಯುವ ಹೆಕ್ಸಾಕೊನಜೋಲ್, ಮನುಷ್ಯರು ನುಂಗುವ ಇಟ್ರಾಕೊನಜೋಲ್ ಒಂದೇ ಗುಂಪಿನ ಔಷಧಿಗಳು. ಆದುದರಿಂದ ಈ ಮಾತು ಹೇಳಬೇಕಾಗಿದೆ.

ತುರಿಕೆ ನಿಂತಿತೆಂದರೆ ರೋಗ ಹೋಯಿತೆಂದಲ್ಲ. ಅರ್ಧ ಔಷಧಿಗೆ ದುರ್ಬಲ ಶಿಲೀಂಧ್ರ ಸಾಯುತ್ತದೆ, ಗಟ್ಟಿಯಾದದ್ದು ಉಳಿದು ಹೆಚ್ಚುತ್ತದೆ. ನಾನೂ ಒಮ್ಮೆ ಹತ್ತೇ ದಿನಕ್ಕೆ ಗುಳಿಗೆ ಬಿಟ್ಟು, ತಿಂಗಳೊಳಗೆ ಮತ್ತೆ ತುರಿಸಿಕೊಂಡವನು. ನಮ್ಮ ದೇಶದಲ್ಲಿ ಹಬ್ಬಿರುವ ಒಂದು ಗಜಕರ್ಣದ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಡಲಾಯಿತು. ಇದರ ಅನೇಕ ತಳಿಗಳಿಗೆ ಟರ್ಬಿನಾಫಿನ್ ಗುಳಿಗೆ ನಾಟುವುದಿಲ್ಲ.

ಗುಳಿಗೆಯಿಂದ ಅಪಾಯವೂ ಉಂಟು. ಯಕೃತ್ತಿಗೆ ಹಾನಿಯಾಗುತ್ತದೆಂಬ ಕಾರಣಕ್ಕೆ 2013ರಲ್ಲಿ ಯುರೋಪಿನ ಔಷಧ ಸಂಸ್ಥೆಯು ಶಿಲೀಂಧ್ರ ರೋಗಗಳಿಗೆ ಕೀಟೊಕೊನಜೋಲ್ ಗುಳಿಗೆ ಬೇಡವೆಂದು ಸಲಹೆ ಮಾಡಿತು. ಉಳಿದ ಗುಳಿಗೆಗಳಿಗೂ ನಿಯಮಗಳಿವೆ. ಹೃದಯ ದುರ್ಬಲವಾಗಿದ್ದವರಿಗೆ ಇಟ್ರಾಕೊನಜೋಲ್ ಸಲ್ಲದು. ಇದರ ಕ್ಯಾಪ್ಸೂಲನ್ನು ಊಟವಾದೊಡನೆ ನುಂಗಬೇಕು; ಹೊಟ್ಟೆಯ ಆಮ್ಲ ತಗ್ಗಿಸುವ ಗುಳಿಗೆಯೊಡನೆ ತೆಗೆದುಕೊಂಡರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಗ್ರಿಸಿಯೋಫಲ್ವಿನ್ ಗುಳಿಗೆಯನ್ನು ಜಿಡ್ಡಿನ ಊಟದೊಡನೆ ತೆಗೆದುಕೊಳ್ಳಬೇಕು. ಬಸುರಿಯರು ಅದನ್ನು ಮುಟ್ಟಕೂಡದು.

ದವಾಖಾನೆಗೆ ಹೋದರೆ ಒಂದು ದಿನದ ಕೆಲಸ ಕೆಡುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ವರ್ಷಗಟ್ಟಲೆ ಗುಳಿಗೆ, ಮುಲಾಮು ಕೊಳ್ಳುವ ಖರ್ಚನ್ನೂ ಲೆಕ್ಕ ಹಾಕಿರಿ. ವೈದ್ಯರ ಚೀಟಿಯಿಲ್ಲದೆ ಈ ಗುಳಿಗೆಗಳನ್ನು ಕೊಡುವುದೂ ತಪ್ಪು, ಕೊಳ್ಳುವುದೂ ತಪ್ಪು ಎಂಬುದು ನನ್ನ ಅಭಿಪ್ರಾಯ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್‌ಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಮೊದಲು ಕಾಮಣಿ ಆಗಿದ್ದರೆ, ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿರಿ. ಅವರು ಹೇಳಿದಷ್ಟು ದಿನ ಪೂರ್ತಿ ನುಂಗಿರಿ. ನಡುವೆ ಊಟ ಸೇರದಿದ್ದರೆ, ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ಗುಳಿಗೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಿರಿ. ಮನೆಯಲ್ಲಿ ರೋಗವಿದ್ದವರೆಲ್ಲ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು. ಒಬ್ಬರ ಟವೆಲ್ಲು ಇನ್ನೊಬ್ಬರಿಗೆ ಬೇಡ. ಬೆವರಿನ ಬಟ್ಟೆಯನ್ನು ಒಗೆದು ಬಿಸಿಲಲ್ಲಿ ಒಣಗಿಸಿರಿ.

ಬೆಳೆ ಕೆಟ್ಟರೆ ಮುಂದಿನ ಹಂಗಾಮು ಇದೆ. ಯಕೃತ್ತು ಕೆಟ್ಟರೆ ಮರುಬಿತ್ತನೆ ಇಲ್ಲ.