‘ಸರ್ವರ್ ಇಲ್ಲ’ ಅನ್ನುವ ಮುಂಚೆ ಪಕ್ಕದ ಟೇಬಲ್ ನೋಡಿ

ಹೋದ ತಿಂಗಳು ಚಿಕ್ಕಪ್ಪನ ಜೊತೆ ಒಂದು ಸಹಕಾರ ಸಂಘದ ಕಚೇರಿಗೆ ಹೋಗಿದ್ದೆ. ಅವರಿಗೆ ಬೇಬಾಕಿ ಪತ್ರ ಬೇಕಿತ್ತು. ಅದನ್ನು ಕೊಟ್ಟ ಮೇಲೇ ಸಾಲದ ಅರ್ಜಿ ನೋಡುತ್ತೇವೆ ಅಂತ ಬ್ಯಾಂಕಿನವರು ಹೇಳಿದ್ದರು. ಚಿಕ್ಕಪ್ಪನಿಗೆ ಅದು ಮೂರನೇ ಸುತ್ತು. ಊರಿಂದ ಹನ್ನೆರಡು ಕಿಲೋಮೀಟರ್. ಹೋಗಿ ಬರುವ ಬಸ್ ಚಾರ್ಜು, ಒಂದು ದಿನದ ಹೊಲದ ಕೆಲಸ, ಎಲ್ಲ ಮೂರು ಸಲ.

ಕೌಂಟರಿನಲ್ಲಿದ್ದ ಹುಡುಗ ತಲೆ ಎತ್ತದೆ, “ಸರ್ವರ್ ಇಲ್ಲ ಯಜಮಾನ್ರೆ, ನಾಳೆ ಬನ್ನಿ” ಅಂದ.

“ಮೊನ್ನೆನೂ ಅದೇ ಅಂದ್ರಲ್ಲಪ್ಪ. ಅದು ಎಲ್ಲಿಗೆ ಹೋಗೈತೆ, ಯಾವಾಗ ಬರ್ತೈತೆ ಅಂತನಾದ್ರೂ ಹೇಳಿ” ಅಂತ ಚಿಕ್ಕಪ್ಪ ಕೇಳಿದರು. ಸಾಲಿನಲ್ಲಿದ್ದವರು ನಕ್ಕರು. ಆ ಹುಡುಗನೂ ನಕ್ಕ. ಉತ್ತರ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಆ ಹುಡುಗ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನು. ಪಕ್ಕಕ್ಕೆ ಕರೆದು ಏನಾಗಿದೆ ಅಂತ ಕೇಳಿದೆ. “ಅಣ್ಣ, ಸದಸ್ಯರ ಲೆಕ್ಕ ಎಲ್ಲ ಕಾರ್ಯದರ್ಶಿಯವರ ಕಂಪ್ಯೂಟರಿನ ಫೋಲ್ಡರಲ್ಲಿದೆ. ನನ್ನ ಕಂಪ್ಯೂಟರಲ್ಲಿ ಅದು ಓಪನ್ ಆಗ್ತಿಲ್ಲ. ಸರ್ವೀಸ್‌ನವರಿಗೆ ಫೋನ್ ಮಾಡಿದೀವಿ, ಬರ್ತೀವಿ ಅಂದಿದಾರೆ” ಅಂದ.

ಕಾರ್ಯದರ್ಶಿಯವರ ಕಂಪ್ಯೂಟರ್ ಎಲ್ಲಿತ್ತು ಗೊತ್ತೇ? ಅವನ ಬೆನ್ನ ಹಿಂದೆ, ಎಂಟು ಅಡಿ ದೂರದಲ್ಲಿ.

ತೊಂದರೆ ಎರಡು, ಹೆಸರು ಒಂದು

ನಮ್ಮ ಕಡೆ ‘ಸರ್ವರ್ ಇಲ್ಲ’ ಅನ್ನುವುದು ಎಲ್ಲ ಕಾಯಿಲೆಗೂ ಒಂದೇ ಹೆಸರು. ಆದರೆ ಇದರಲ್ಲಿ ಎರಡು ಬಗೆ ಇದೆ.

ಒಂದು, ನಿಜವಾಗಿಯೂ ದೂರದ ಸರ್ವರ್ ನಿಂತಿರುವುದು. ಪಹಣಿ ಕೊಡುವ ‘ಭೂಮಿ’ ವ್ಯವಸ್ಥೆ ನಿಂತರೆ ನಾಡಕಚೇರಿಯ ಆಪರೇಟರ್ ಏನೂ ಮಾಡಲಾರ. ಅವನನ್ನು ಬೈದು ಪ್ರಯೋಜನವಿಲ್ಲ.

ಇನ್ನೊಂದು, ಕಚೇರಿಯ ಒಳಗಿನ ತೊಂದರೆ. ಮೂರು ನಾಲ್ಕು ಕಂಪ್ಯೂಟರ್ ಇರುವ ಸಣ್ಣ ಕಚೇರಿಯಲ್ಲಿ ಒಂದು ಕಂಪ್ಯೂಟರಿನ ಫೋಲ್ಡರನ್ನು ಉಳಿದವರೂ ನೋಡುವ ಹಾಗೆ ಹಂಚಿರುತ್ತಾರೆ. ವಿಂಡೋಸಿನಲ್ಲಿ ಇದಕ್ಕೆ ಶೇರ್ಡ್ ಫೋಲ್ಡರ್ ಅಂತಾರೆ. ಇದಕ್ಕೆ ಇಂಟರ್ನೆಟ್ ಕೂಡ ಬೇಕಿಲ್ಲ. ಒಂದು ರೌಟರ್, ನಾಲ್ಕು ವೈರ್ ಇದ್ದರೆ ಸಾಕು. ಈ ಫೋಲ್ಡರ್ ತೆರೆಯದಿದ್ದರೆ ಬೆಂಗಳೂರಿನ ಕಡೆ ಕೈ ತೋರಿಸುವುದು ಸರಿಯಲ್ಲ. ಕಾರಣ ಆ ಕೋಣೆಯಲ್ಲೇ ಇರುತ್ತದೆ, ಹೆಚ್ಚಿನ ಸಲ ಹದಿನೈದು ನಿಮಿಷದಲ್ಲಿ ಸಿಗುತ್ತದೆ.

ಪತ್ರಿಕೋದ್ಯಮ ಓದಿದವನಿಗೆ ಇದೆಲ್ಲ ಹೇಗೆ ಗೊತ್ತು ಅಂತ ನೀವು ಕೇಳಬಹುದು. ಓದು ಮುಗಿದ ಮೇಲೆ ಎರಡು ವರ್ಷ ಒಂದು ಜಿಲ್ಲಾ ಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸ ಮಾಡಿದೆ. ವರದಿ, ಫೋಟೊ ಎಲ್ಲ ಒಂದು ಶೇರ್ಡ್ ಫೋಲ್ಡರಿಗೆ ಬಂದು ಬೀಳುತ್ತಿದ್ದವು. ರಾತ್ರಿ ಹತ್ತೂವರೆಗೆ ಅದು ತೆರೆಯದಿದ್ದರೆ, ಹನ್ನೆರಡಕ್ಕೆ ಪ್ರೆಸ್ಸಿಗೆ ಹೋಗಬೇಕಾದ ಪುಟ ಖಾಲಿ. ಪತ್ರಿಕೆಯಲ್ಲಿ ‘ನಾಳೆ ಬನ್ನಿ’ ಅನ್ನುವ ಹಾಗಿಲ್ಲ. ಹಾಗಾಗಿ ಕಲಿತೆವು.

ದಾರಿ ತಪ್ಪಿದೆಯೋ, ಬಾಗಿಲು ಹಾಕಿದೆಯೋ

ಮೊದಲು ಪರದೆಯ ಮೇಲೆ ಏನು ಬರೆದಿದೆ ಅಂತ ಓದಬೇಕು. ಯಾರೂ ಓದುವುದಿಲ್ಲ, ಓಕೆ ಒತ್ತಿ ಮುಚ್ಚಿಬಿಡುತ್ತಾರೆ. ಮುಖ್ಯವಾಗಿ ಎರಡು ಬಗೆಯ ಸಂದೇಶ ಬರುತ್ತವೆ.

‘ನೆಟ್‌ವರ್ಕ್ ಪಾತ್ ವಾಸ್ ನಾಟ್ ಫೌಂಡ್’ ಅಂತ ಬಂದರೆ, ಜೊತೆಗೆ ಕೊನೆಯಲ್ಲಿ 80070035 ಅನ್ನುವ ಸಂಖ್ಯೆ ಇದ್ದರೆ, ದಾರಿಯೇ ಸಿಕ್ಕಿಲ್ಲ ಅಂತ ಅರ್ಥ. ‘ಆಕ್ಸೆಸ್ ಡಿನೈಡ್’ ಅಥವಾ ‘ಪರ್ಮಿಷನ್ ಇಲ್ಲ’ ಅಂತ ಬಂದರೆ ಮನೆವರೆಗೆ ಹೋಗಿದ್ದೀರಿ, ಬಾಗಿಲು ತೆಗೆಯುತ್ತಿಲ್ಲ ಅಂತ ಅರ್ಥ. ಇವೆರಡಕ್ಕೆ ಮದ್ದು ಬೇರೆ ಬೇರೆ. ದಾರಿ ತಪ್ಪಿದಾಗ ಬೀಗದ ಕೈ ಹುಡುಕಿ ಏನು ಉಪಯೋಗ?

ದಾರಿ ಸಿಗದಿದ್ದರೆ ಫೋಲ್ಡರ್ ಇರುವ ಕಂಪ್ಯೂಟರ್ ಆನ್ ಆಗಿದೆಯೇ ನೋಡಿ. ಆನ್ ಇದ್ದರೂ ಸ್ಲೀಪ್‌ಗೆ ಹೋಗಿರಬಹುದು. ಕಾರ್ಯದರ್ಶಿಯವರು ಊಟಕ್ಕೆ ಹೋದರೆ ಅವರ ಕಂಪ್ಯೂಟರೂ ಮಲಗುತ್ತದೆ, ಇಡೀ ಕಚೇರಿಯ ಕೆಲಸ ನಿಲ್ಲುತ್ತದೆ. ಆಮೇಲೆ ವೈರ್ ನೋಡಿ. ಕಸ ಗುಡಿಸುವಾಗ ಪಿನ್ ಸಡಿಲವಾಗಿರುವುದು ಹೊಸದೇನಲ್ಲ.

ಮುಂದಿನದು ನಮ್ಮ ಹಳ್ಳಿಗಳಿಗೆ ಹೇಳಿ ಮಾಡಿಸಿದ ತೊಂದರೆ. ಒಳಗಿನ ನೆಟ್‌ವರ್ಕಿನಲ್ಲಿ ಪ್ರತಿ ಕಂಪ್ಯೂಟರಿಗೂ ರೌಟರ್ ಒಂದು ನಂಬರ್ ಕೊಡುತ್ತದೆ, ಅದೇ ಐಪಿ ವಿಳಾಸ. ಕರೆಂಟ್ ಹೋಗಿ ಬಂದು, ರೌಟರ್ ಮತ್ತೆ ಶುರುವಾದಾಗ ಆ ನಂಬರ್ ಬದಲಾಗಬಹುದು. ನಿಮ್ಮ ಶಾರ್ಟ್‌ಕಟ್ ಹಳೆ ನಂಬರಿಗೇ ಹೋಗಿ ಬಾಗಿಲು ಬಡಿಯುತ್ತಿರುತ್ತದೆ. ಶಾರ್ಟ್‌ಕಟ್ಟಿನಲ್ಲಿ ನಂಬರ್ ಬದಲು ಕಂಪ್ಯೂಟರಿನ ಹೆಸರು ಹಾಕಿದರೆ ಇದು ಬಹುಪಾಲು ತಪ್ಪುತ್ತದೆ. ಅಥವಾ ‘ಈ ಕಂಪ್ಯೂಟರಿಗೆ ಯಾವಾಗಲೂ ಇದೇ ನಂಬರ್ ಕೊಡು’ ಅಂತ ರೌಟರಿನಲ್ಲಿ ಒಂದು ಸಲ ಹೊಂದಿಸಿಡಬಹುದು.

ಇನ್ನೊಂದು ಕಾರಣ ‘ಪಬ್ಲಿಕ್’, ‘ಪ್ರೈವೇಟ್’ ಅನ್ನುವ ಆಯ್ಕೆ. ನೆಟ್‌ವರ್ಕನ್ನು ಪಬ್ಲಿಕ್ ಅಂತ ಗುರುತಿಸಿಕೊಂಡರೆ ವಿಂಡೋಸ್ ತನ್ನನ್ನು ಬಸ್‌ಸ್ಟ್ಯಾಂಡಿನ ವೈಫೈಯಲ್ಲಿ ಇದ್ದ ಹಾಗೆ ಮುಚ್ಚಿಕೊಳ್ಳುತ್ತದೆ, ಪಕ್ಕದವರಿಗೆ ಕಾಣಿಸುವುದಿಲ್ಲ. ಹೊಸ ರೌಟರ್ ಹಾಕಿದ ಮೇಲೆ ಫೋಲ್ಡರ್ ಮಾಯವಾದರೆ ಮೊದಲು ನೋಡಬೇಕಾದದ್ದು ಇದನ್ನು. ಸ್ವಂತ ಕಚೇರಿಯ ನೆಟ್‌ವರ್ಕ್ ಆದರೆ ಪ್ರೈವೇಟ್ ಮಾಡಿದರೆ ಸರಿ.

ಇನ್ನು ಬಾಗಿಲಿನ ವಿಷಯ. ಶೇರ್ಡ್ ಫೋಲ್ಡರಿಗೆ ಎರಡು ಬಾಗಿಲು. ಕಾಂಪೌಂಡಿನ ಗೇಟ್ ಒಂದು, ಒಳಗಿನ ಕೋಣೆಯ ಬಾಗಿಲು ಇನ್ನೊಂದು. ‘ಶೇರಿಂಗ್’ನಲ್ಲಿ ಕೊಡುವ ಅನುಮತಿ ಗೇಟ್ ಇದ್ದ ಹಾಗೆ. ‘ಸೆಕ್ಯುರಿಟಿ’ಯಲ್ಲಿ ಕೊಡುವ ಅನುಮತಿ ಕೋಣೆ ಬಾಗಿಲು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಗೇಟ್ ಪೂರ್ತಿ ತೆರೆದು ಕೋಣೆಗೆ ಬೀಗ ಹಾಕಿದ್ದರೆ ಒಳಗೆ ಹೋಗಲಾಗದು. “ಶೇರ್ ಮಾಡಿದೀನಲ್ಲ, ಆದ್ರೂ ಬರ್ತಿಲ್ಲ” ಅನ್ನುವವರು ಹೆಚ್ಚಾಗಿ ಎರಡನೇ ಬಾಗಿಲನ್ನು ಮರೆತಿರುತ್ತಾರೆ.

ಪಾಸ್‌ವರ್ಡಿನದೂ ಇದೇ ಕಥೆ. ಕಾರ್ಯದರ್ಶಿಯವರು ತಮ್ಮ ಪಾಸ್‌ವರ್ಡ್ ಬದಲಿಸಿದರೂ ಆಪರೇಟರನ ಕಂಪ್ಯೂಟರ್ ಹಳೆಯದನ್ನೇ ನೆನಪಿಟ್ಟುಕೊಂಡು ಕೊಡುತ್ತಿರುತ್ತದೆ. ‘ಕ್ರೆಡೆನ್ಷಿಯಲ್ ಮ್ಯಾನೇಜರ್’ ತೆರೆದು ಹಳೆಯದನ್ನು ಅಳಿಸಿದರೆ ಹೊಸದನ್ನು ಕೇಳುತ್ತದೆ. ಕೆಲವರು ಸುಲಭವಾಗಲಿ ಅಂತ ಪಾಸ್‌ವರ್ಡನ್ನೇ ತೆಗೆದುಬಿಡುತ್ತಾರೆ. ಆಗ ಇನ್ನೂ ಕೆಡುತ್ತದೆ. ಪಾಸ್‌ವರ್ಡ್ ಇಲ್ಲದ ಖಾತೆಗೆ ಆ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡಲು ಬಿಡುವ ವಿಂಡೋಸ್, ನೆಟ್‌ವರ್ಕಿನ ಮೂಲಕ ಬರಲು ಸಾಮಾನ್ಯವಾಗಿ ಬಿಡುವುದಿಲ್ಲ.

2024ರ ಕೊನೆಯಲ್ಲಿ ಬಂದ ವಿಂಡೋಸ್ 11ರ ದೊಡ್ಡ ಅಪ್‌ಡೇಟ್ ಕೂಡ ಇಂಥದೇ ಪೇಚು ತಂದಿತು. ಹೆಸರು, ಪಾಸ್‌ವರ್ಡ್ ಕೇಳದೆ ‘ಗೆಸ್ಟ್’ ಆಗಿ ಒಳಗೆ ಬಿಡುತ್ತಿದ್ದ ಹಳೆ ಫೋಲ್ಡರುಗಳಿಗೆ ಪ್ರೊ ಆವೃತ್ತಿಯ ಕಂಪ್ಯೂಟರುಗಳು ಹೋಗುವುದನ್ನೇ ನಿಲ್ಲಿಸಿದವು. ಅಪ್‌ಡೇಟ್ ಆದ ಮಾರನೇ ದಿನ ಫೋಲ್ಡರ್ ನಿಂತಿದ್ದರೆ ಯಾರೂ ಏನೂ ಹಾಳು ಮಾಡಿಲ್ಲ, ಪಾಸ್‌ವರ್ಡ್ ಇರುವ ಖಾತೆ ಮಾಡಿಕೊಳ್ಳಬೇಕು, ಅಷ್ಟೆ.

ಆ ದಿನ ಏನಾಗಿತ್ತು

ಕಾರ್ಯದರ್ಶಿಯವರನ್ನು ಕೇಳಿ, ಆ ಹುಡುಗನ ಪಕ್ಕದಲ್ಲಿ ಕೂತೆ. ಕೀಬೋರ್ಡ್ ನಾನು ಮುಟ್ಟಲಿಲ್ಲ, ಅವನೇ ಒತ್ತಿದ. ಬಂದದ್ದು ದಾರಿ ಸಿಗದ ಸಂದೇಶ. ಶಾರ್ಟ್‌ಕಟ್ಟಿನಲ್ಲಿದ್ದ ನಂಬರ್ 5ರಲ್ಲಿ ಮುಗಿಯುತ್ತಿತ್ತು. ಕಾರ್ಯದರ್ಶಿಯವರ ಕಂಪ್ಯೂಟರಿನಲ್ಲಿ ನೋಡಿದರೆ ಈಗ 8. ಆ ವಾರ ಮಳೆಗೆ ಮೂರು ದಿನ ಕರೆಂಟ್ ಆಟವಾಡಿತ್ತು. ನಂಬರ್ ತೆಗೆದು ಕಂಪ್ಯೂಟರಿನ ಹೆಸರು ಹಾಕಿದ. ಫೋಲ್ಡರ್ ತೆರೆಯಿತು. ಹನ್ನೆರಡು ನಿಮಿಷವೂ ಆಗಿರಲಿಲ್ಲ. ಬೇಬಾಕಿ ಪತ್ರ ಪ್ರಿಂಟಾಗಿ ಬಂತು.

ಸಾಲಿನಲ್ಲಿದ್ದವರಿಗೆ ಖುಷಿ. ನನಗೆ ಮಾತ್ರ ಪೂರ್ತಿ ಖುಷಿಯಾಗಲಿಲ್ಲ. ಫೋಲ್ಡರಿನ ಅನುಮತಿ ನೋಡಿದರೆ ‘ಎವರಿವನ್, ಫುಲ್ ಕಂಟ್ರೋಲ್’ ಅಂತಿತ್ತು. ಅಂದರೆ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಅಳಿಸಬಹುದು. ಫೈರ್‌ವಾಲ್ ಆಫ್ ಆಗಿತ್ತು. ಹಿಂದೊಮ್ಮೆ ಇದೇ ತೊಂದರೆ ಬಂದಾಗ ಸರ್ವೀಸ್‌ನವರು ಮಾಡಿದ ‘ರಿಪೇರಿ’ ಅದು. ಒಳಗೆ ಏನಿತ್ತು? ನೂರಾರು ರೈತರ ಆಧಾರ್ ಪ್ರತಿ, ಪಾಸ್‌ಬುಕ್, ಪಹಣಿ, ಸಾಲದ ಲೆಕ್ಕ.

ಬಾಗಿಲು ಕಿತ್ತುಹಾಕುವುದು ರಿಪೇರಿಯಲ್ಲ

ಬೀಗ ತೆಗೆಯಲು ಬರುತ್ತಿಲ್ಲ ಅಂತ ಬಾಗಿಲನ್ನೇ ಕಿತ್ತರೆ ಮನೆಗೆ ಹೋಗಿ ಬರುವುದು ಸುಲಭವೇ. ಕಳ್ಳನಿಗೂ ಸುಲಭ.

ಇದು ಬರೀ ಹೆದರಿಕೆಯ ಮಾತಲ್ಲ. 2017ರ ಮೇ 12ರಂದು ‘ವಾನ್ನಾಕ್ರೈ’ ಅನ್ನುವ ವೈರಸ್ ಜಗತ್ತಿನಾದ್ಯಂತ ಹರಡಿತು. ಅದು ನುಗ್ಗಿದ್ದು ವಿಂಡೋಸ್ ಫೋಲ್ಡರ್ ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ ಅನ್ನುವ ವ್ಯವಸ್ಥೆಯ ಹಳೆಯ ಆವೃತ್ತಿಯಲ್ಲಿದ್ದ ತೂತಿನಿಂದಲೇ. ಒಂದು ಕಂಪ್ಯೂಟರಿಗೆ ಬಂದರೆ ಸಾಕು, ಪಕ್ಕದ್ದಕ್ಕೆ ತಾನೇ ಹೋಗುತ್ತಿತ್ತು. ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೇಳುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ ಮುಂದೂಡಬೇಕಾಯಿತು. ನಮ್ಮ ಪಕ್ಕದ ಕೇರಳದಲ್ಲಿ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಗ್ರಾಮ ಪಂಚಾಯಿತಿ ಕಚೇರಿಗಳ ಕಂಪ್ಯೂಟರುಗಳಿಗೂ ಅದು ಬಂದಿತ್ತು. ‘ನಮ್ಮ ಸಣ್ಣ ಕಚೇರಿಗೆ ಯಾರು ಬರ್ತಾರೆ’ ಅನ್ನುವವರಿಗೆ ಆ ಪಂಚಾಯಿತಿಗಳೇ ಉತ್ತರ.

ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಈಗಲೂ ಹಳೆ ಪ್ರಿಂಟರ್, ಹಳೆ ಕಂಪ್ಯೂಟರ್ ನಡೆಯಲಿ ಅಂತ ಆ ಹಳೆಯ ಎಸ್‌ಎಂಬಿ 1 ಅನ್ನು ಮತ್ತೆ ಆನ್ ಮಾಡಿ ಹೋಗುವವರಿದ್ದಾರೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಷ್ಟು ಕಚೇರಿಗಳಲ್ಲಿ ಇನ್ನೂ ಅದೇ ಓಡುತ್ತಿದೆ ಅಂತ ನಿಮ್ಮ ಊರಲ್ಲೇ ಒಮ್ಮೆ ಕಣ್ಣಾಡಿಸಿ.

ತಪ್ಪು ಯಾರದು?

ಕೌಂಟರಿನ ಹುಡುಗನದಲ್ಲ. ಟೈಪಿಂಗ್ ಬರುತ್ತದೆ ಅಂತ ಅವನನ್ನು ಕೂರಿಸಿದರು. ಫೋಲ್ಡರ್ ಅಂದರೆ ಏನು, ದಾರಿ ಯಾವುದು, ಬಾಗಿಲು ಯಾವುದು ಅಂತ ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ಕಂಪ್ಯೂಟರಿಗೆ ಲಕ್ಷ ಕೊಡುವ ಆಡಳಿತ ಮಂಡಳಿಗೆ ಅದನ್ನು ನಡೆಸುವವನ ಒಂದು ದಿನದ ತರಬೇತಿ ನೆನಪಾಗುವುದಿಲ್ಲ. ಸರ್ವೀಸ್‌ನವರು ಬಂದು, ಸರಿ ಮಾಡಿ, ಏನು ಮಾಡಿದೆವು ಅಂತ ಒಂದು ಸಾಲು ಬರೆದಿಡದೆ ಹೋಗುತ್ತಾರೆ. ಬರೆದಿಡಿ ಅಂತ ಯಾರೂ ಕೇಳುವುದೂ ಇಲ್ಲ.

“ಆಪರೇಟರುಗಳು ಕೈ ಹಾಕಿ ಇರುವುದನ್ನೂ ಕೆಡಿಸಿದರೆ?” ಅಂತ ಒಬ್ಬ ನಿರ್ದೇಶಕರು ನನ್ನನ್ನು ಕೇಳಿದರು. ಭಯ ನ್ಯಾಯವಾದದ್ದೇ. ಆದರೆ ಕಂಪ್ಯೂಟರ್ ಆನ್ ಇದೆಯೇ, ವೈರ್ ಸರಿ ಇದೆಯೇ, ಪರದೆ ಮೇಲೆ ಏನು ಬಂತು, ನಂಬರ್ ಬದಲಾಗಿದೆಯೇ ಅಂತ ನೋಡುವುದರಿಂದ ಏನೂ ಕೆಡುವುದಿಲ್ಲ. ಅನುಮತಿ ಬದಲಿಸುವ ಅಧಿಕಾರ ಒಬ್ಬರ ಕೈಯಲ್ಲಿರಲಿ. ನೋಡಿ ಹೇಳುವ ತಿಳಿವಳಿಕೆ ಎಲ್ಲರಿಗೂ ಇರಲಿ.

ನನ್ನ ಪ್ರಕಾರ ಪ್ರತಿ ಸಣ್ಣ ಕಚೇರಿಯಲ್ಲಿ ನಾಲ್ಕು ಕೆಲಸ ಆಗಬೇಕು. ಫೋಲ್ಡರ್ ಯಾವ ಕಂಪ್ಯೂಟರಿನಲ್ಲಿದೆ, ಅದರ ಹೆಸರೇನು, ಯಾರಿಗೆ ಅನುಮತಿ ಇದೆ ಅಂತ ಒಂದು ಹಾಳೆಯಲ್ಲಿ ಬರೆದು ಕಾರ್ಯದರ್ಶಿಯವರ ಡ್ರಾಯರಿನಲ್ಲಿ ಇಡಬೇಕು. ಪಾಸ್‌ವರ್ಡ್ ಮಾತ್ರ ಆ ಹಾಳೆಯಲ್ಲಿ ಬೇಡ. ಒಬ್ಬೊಬ್ಬರಿಗೂ ಬೇರೆ ಖಾತೆ ಇರಬೇಕು, ನೋಡುವವರಿಗೆ ನೋಡಲಷ್ಟೇ ಅನುಮತಿ. ವಾರಕ್ಕೊಮ್ಮೆ ಫೋಲ್ಡರಿನ ಪ್ರತಿ ಬೇರೆ ಹಾರ್ಡ್‌ಡಿಸ್ಕಿಗೆ ಹೋಗಬೇಕು, ಆ ಡಿಸ್ಕನ್ನು ಕಂಪ್ಯೂಟರಿಂದ ಕಿತ್ತು ಬೀರುವಿನಲ್ಲಿಡಬೇಕು. ರಿಪೇರಿಗೆ ಬಂದವರು ಮಾಡಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಯೇ ಹೋಗಬೇಕು.

ಓದುಗರಾದ ನಿಮಗೂ ಒಂದು ಕೆಲಸ ಇದೆ. ಸಂಘದ ಸದಸ್ಯರು ನೀವು. ವಾರ್ಷಿಕ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು ಅಂತ ಕೇಳುವ ಹಾಗೆ, ನಮ್ಮ ಆಧಾರ್ ಪ್ರತಿ ಯಾವ ಕಂಪ್ಯೂಟರಿನಲ್ಲಿದೆ, ಯಾರು ಯಾರು ತೆರೆಯಬಹುದು ಅಂತಲೂ ಕೇಳಿ. ಜನರ ಮಾಹಿತಿ ಇಟ್ಟುಕೊಂಡವರು ಅದನ್ನು ಕಾಪಾಡಬೇಕು ಅಂತ 2023ರಲ್ಲಿ ಸಂಸತ್ತು ಕಾನೂನನ್ನೇ ಮಾಡಿದೆ. ಮತ್ತೆ ಯಾರಾದರೂ ‘ಸರ್ವರ್ ಇಲ್ಲ’ ಅಂದರೆ ಜಗಳ ಮಾಡಬೇಡಿ. “ಬೆಂಗಳೂರಿನದೋ, ಈ ಕೋಣೆಯದೋ?” ಅಂತ ಸಮಾಧಾನವಾಗಿ ಕೇಳಿ. ಪರದೆ ಮೇಲೆ ಏನು ಬಂದಿದೆ ಓದಿ ಅನ್ನಿ.

ಚಿಕ್ಕಪ್ಪ ಬೇಬಾಕಿ ಪತ್ರ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದರು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. “ಎಂಟಡಿ ದೂರಕ್ಕೆ ನನ್ನ ಮೂರು ದಿನ ಹೋಯ್ತಲ್ಲೋ” ಅಂದರು. ಆ ಮೂರು ದಿನದ ಕೂಲಿ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.