ಉಡಾಳನೆಂಬ ಹಣೆಪಟ್ಟಿ

ಪ್ರಸಾದನಿಲಯದಲ್ಲಿ ಉಂಡು ಕಲಿತುಹೋದ ಹಳೆಯ ವಿದ್ಯಾರ್ಥಿ ಬಂಧುಗಳೇ, ತಮ್ಮ ಕೊಠಡಿಯಲ್ಲಿದ್ದ ಆ ಒಬ್ಬನನ್ನು ನೆನೆಯಿರಿ. ಪುಸ್ತಕ ಕಳೆಯುವವನು, ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ ಕೂಗುವವನು. ಆದರೆ ಜಾತ್ರೆಯ ದಿನ ಪಂಕ್ತಿಯ ಮೇಲೆ ಪಂಕ್ತಿ ಬಡಿಸಿಯೂ ದಣಿಯದವನು. ಅವನಿಗೆ ನಾವಿಟ್ಟ ಹೆಸರು ಉಡಾಳ.

ಇಂಥವರಲ್ಲಿ ಕೆಲವರ ಸ್ಥಿತಿಯನ್ನು ವೈದ್ಯರು ಎ.ಡಿ.ಎಚ್.ಡಿ. ಎನ್ನುತ್ತಾರೆ, ಅವಧಾನದ ಕೊರತೆ ಮತ್ತು ಅತಿಚಟುವಟಿಕೆ ಎಂದು ಅದರ ಅರ್ಥ. ಎಲ್ಲ ತುಂಟರಿಗೂ ಈ ಹೆಸರು ಸಲ್ಲದು, ತಜ್ಞರು ಪರೀಕ್ಷಿಸಿಯೇ ಹೇಳಬೇಕು. ಇದು ಈಚಿನ ಶೋಕಿಯೂ ಅಲ್ಲ. ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿಯೇ ಇಂಥ ಮಕ್ಕಳನ್ನು ಕುರಿತು ಉಪನ್ಯಾಸ ನೀಡಿದ್ದರು.

ಬೆಳಗಾವಿಯ ರಾಮತೀರ್ಥ ನಗರದ ಒಂದು ಮನೆಗೆ ಹೋಗಿದ್ದೆ. ಏಳನೆಯ ಇಯತ್ತೆಯ ಮಗನ ಎದುರಿಗೇ ತಂದೆಯವರು, "ಇವನ ತಲಿ ಒಂದ ಕಡೆ ನಿಲ್ಲೂದಿಲ್ಲರಿ" ಎಂದರು. ಶಾಲೆಯವರು ಬೇರೆಡೆ ನೋಡಿಕೊಳ್ಳಿರೆಂದು ಸೂಚಿಸಿದ್ದರಂತೆ. ಆ ಬಾಲಕನೋ, ಮೂಲೆಯಲ್ಲಿ ಕುಳಿತು ಕೆಟ್ಟ ಟೇಬಲ್ ಫ್ಯಾನನ್ನು ಬಿಚ್ಚಿ ಜೋಡಿಸುತ್ತಿದ್ದ. ಎರಡು ತಾಸು ತಲೆಯೆತ್ತಲಿಲ್ಲ! ಅವಧಾನವಿಲ್ಲದವನು ಹೀಗೆ ಕುಳಿತಾನೆಯೇ? ಅವನಲ್ಲಿ ಅವಧಾನವಿದೆ, ಬೇಕೆಂದಾಗ ಬೇಕಾದೆಡೆಗೆ ಅದನ್ನು ತಿರುಗಿಸುವ ಹಿಡಿತ ದುರ್ಬಲವಾಗಿದೆ. ಇದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು, ತಾಯಿಯ ಮುದ್ದಿನಿಂದಲ್ಲ.

2006ರಲ್ಲಿ ಹಾಲಿ ವೈಟ್ ಮತ್ತು ಪ್ರೀತಿ ಶಾಹ ಎಂಬ ಸಂಶೋಧಕಿಯರು ಪ್ರಕಟಿಸಿದ ಅಧ್ಯಯನವೊಂದಿದೆ. ಸಾಮಾನ್ಯ ವಸ್ತುವಿಗೆ ಹೊಸ ಹೊಸ ಉಪಯೋಗಗಳನ್ನು ಊಹಿಸುವ ಪರೀಕ್ಷೆಯಲ್ಲಿ ಈ ಸ್ಥಿತಿಯುಳ್ಳ ವಯಸ್ಕರು ಉಳಿದವರಿಗಿಂತ ಮುಂದಿದ್ದರು; ಒಂದೇ ಸರಿಯುತ್ತರವನ್ನು ಹುಡುಕುವ ಪರೀಕ್ಷೆಯಲ್ಲಿ ಹಿಂದಿದ್ದರು. ನಮ್ಮ ಶಾಲೆಗಳು ಅಳೆಯುವುದಾದರೂ ಯಾವುದನ್ನು? ಎರಡನೆಯದನ್ನು ಮಾತ್ರ! ಒಂಬತ್ತನೆಯ ವಯಸ್ಸಿನಲ್ಲಿ ಇದೇ ನಿದಾನ ಪಡೆದ ಮೈಕೇಲ್ ಫೆಲ್ಪ್ಸ್ ಈಜಿನಲ್ಲಿ 23 ಒಲಿಂಪಿಕ್ ಚಿನ್ನ ಗೆದ್ದ. ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದರೆ ಗೆಲ್ಲುತ್ತಿರಲಿಲ್ಲ.

"ದಂಡಂ ದಶಗುಣಂ" ಎನ್ನುವ ಹಿರಿಯರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾರೀರಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆಯೆಂಬುದು ಅವರಿಗೆ ತಿಳಿದಿರಲಿ. ಇನ್ನು ಕೆಲವರು ಇದನ್ನು ದೈವದತ್ತ ವರವೆಂದು ಕೊಂಡಾಡಿ ವೈದ್ಯರ ಔಷಧಿಯನ್ನೇ ನಿಲ್ಲಿಸುತ್ತಾರೆ. ಅದೂ ಮಗುವಿಗೆ ಬಗೆವ ದ್ರೋಹವೇ. ಕಷ್ಟ ನಿಜ, ಶಕ್ತಿಯೂ ನಿಜ. ಸರಕಾರವೂ ಇಲ್ಲಿ ಅರೆಗಣ್ಣು ತೆರೆದಿದೆ: 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಪಟ್ಟಿ ಮಾಡಿದರೂ ಎ.ಡಿ.ಎಚ್.ಡಿ.ಯನ್ನು ಹೆಸರಿಸಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಶಿಕ್ಷಕರು, ಆಡಳಿತ ಮಂಡಳಿಗಳ ಸದಸ್ಯರು. ತಮ್ಮನ್ನೇ ಕೇಳುತ್ತೇನೆ: ಅಂಥ ಮಗುವನ್ನು ಮುಂದಿನ ಸಾಲಿನಲ್ಲಿ ಕೂಡಿಸಲು, ಕೆಲಸವನ್ನು ತುಂಡು ತುಂಡಾಗಿ ಒಪ್ಪಿಸಲು, ನಡುವೆ ಒಮ್ಮೆ ಎದ್ದು ಓಡಾಡಗೊಡಲು ಖರ್ಚೇನು? ವರ್ಗಾವಣೆ ಪತ್ರಕ್ಕೆ ಸಹಿ ಹಾಕುವ ಮುನ್ನ, ಅವನಿಗೆ ಏನು ಬರುತ್ತದೆಂದು ಒಮ್ಮೆಯಾದರೂ ವಿಚಾರಿಸಿದ್ದೀರಾ?